ದೋಣಿಕಟ್ಟೆಯ ಹಲಗೆ

ಮಾರ್ಚ್ ೯, ಭಾನುವಾರ

ನನ್ನ ಅಕ್ಕಮ್ಮನಿಗೆ ಅಮ್ಮನ ಪ್ರೀತಿ.

ಮೊದಲು ಬೈಸಿಕೊಳ್ಳುವ ಕೆಲಸ ಮುಗಿಸಿಬಿಡುತ್ತೇನೆ. ನಿನ್ನ ಪತ್ರ ಬಂದು ಎರಡು ತಿಂಗಳ ಮೇಲಾಯಿತು. ಅದನ್ನು ಟೀಪುಡಿ ಡಬ್ಬಿಗೆ ಒರಗಿಸಿ ಇಟ್ಟಿದ್ದೆ. ದಿನಕ್ಕೆ ನಾಲ್ಕು ಸಲ ಟೀ ಮಾಡುವಾಗಲೂ ಅದು ನನ್ನನ್ನೇ ನೋಡುತ್ತಿತ್ತು, ನಾನು ಸಕ್ಕರೆ ಹುಡುಕುವವಳಂತೆ ಆಚೆ ತಿರುಗುತ್ತಿದ್ದೆ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಾವಿಬ್ಬರೂ ಊಟ, ನೆಗಡಿ, ಬಿಸಿಲು ಎಂದು ಮೂರು ಮೆಟ್ಟಿಲು ಇಳಿದು ಅಲ್ಲೇ ನಿಂತುಬಿಡುತ್ತೇವೆ. ಅದರ ಕೆಳಗಿನದಕ್ಕೆ ಕಾಗದವೇ ಬೇಕು. ನಿನ್ನ ವಾರ್ಡಿನ ಮಕ್ಕಳೆಲ್ಲ ಹೇಗಿದ್ದಾರೆ? ಡ್ಯೂಟಿ ಮುಗಿಸಿ ಬಂದು ಬರೀ ಬ್ರೆಡ್ಡು ತಿಂದು ಮಲಗುವುದನ್ನು ಬಿಟ್ಟೆಯೋ ಇಲ್ಲವೋ?

ಅಪ್ಪ ಚೆನ್ನಾಗಿದ್ದಾರೆ. ಈಗಲೂ ಬೆಳಗಿನ ಜಾವವೇ ಬೇಕರಿಗೆ ಹೋಗಿ, ಹನ್ನೊಂದಕ್ಕೆ ಕಿವಿಯಲ್ಲೆಲ್ಲ ಮೈದಾ ತುಂಬಿಕೊಂಡು ಬರುತ್ತಾರೆ. ನಾನು ಕರೆದದ್ದು ಕೇಳಿಸದಿದ್ದರೆ ತಪ್ಪನ್ನು ಆ ಮೈದಾದ ಮೇಲೆಯೇ ಹಾಕುತ್ತಾರೆ. ನನ್ನ ಕನ್ನಡಕದಂಗಡಿಯೂ ಹಾಗೇ ಇದೆ. ಲೆನ್ಸ್ ಅರೆಯಲು ಹೊಸ ಯಂತ್ರ ಬಂದಿದೆ, ಗುಂಡಿ ಒತ್ತಿದರೆ ಅಂಚನ್ನು ತಾನೇ ಕೊರೆಯುತ್ತದೆ. ಆದರೆ ಲೆನ್ಸಿನ ಮೇಲೆ ಕಣ್ಣಿನ ನಡುವಿಗೆ ಶಾಯಿಯ ಚುಕ್ಕೆ ಇಡುವುದು, ಫ್ರೇಮಿಗೆ ಕೂಡಿಸಿದ ಮೇಲೆ ಆ ಚುಕ್ಕೆಯನ್ನು ಸ್ಪಿರಿಟ್ ಬಟ್ಟೆಯಲ್ಲಿ ಒರೆಸುವುದು ಈಗಲೂ ನನ್ನ ಪಾಲಿಗೇ ಇದೆ. ಮೂವತ್ತು ವರ್ಷ ಒರೆಸಿ ಒರೆಸಿ, ಎಲ್ಲಿ ಗುರುತು ಕಂಡರೂ ಕೈ ತಾನಾಗಿ ಹೋಗುತ್ತದೆ. ಮೊನ್ನೆ ಅಪ್ಪ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಹಾಕಿಕೊಂಡಿದ್ದ ಗುರುತನ್ನೂ ಒರೆಸಿ ಬೈಸಿಕೊಂಡೆ.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. "ಮರಿಯ ಕಂಪ್ಯೂಟರ್ ಪೂರ್ತಿ ಕೆಡೋಕೆ ಮುಂಚೆ ಅದರಲ್ಲಿರೋ ಆಟನ ಯಾರ ಕೈಲಾದ್ರೂ ಕಾಪಿ ಮಾಡ್ಸಿ ಕಳ್ಸಮ್ಮ. ಅವನು ಕೊನೇಲಿ ಎಲ್ಲಿ ನಿಲ್ಲಿಸಿದ್ದ ಅಂತ ನಾನು ನೋಡ್ಬೇಕು" ಎಂದು ಬರೆದಿದ್ದೀಯ. ಅದರ ಕೆಳಗೆ, ಆರು ವರ್ಷದಿಂದ ಪ್ರತಿ ಪತ್ರದ ಕೊನೆಗೂ ಇರುವ ಅದೇ ಸಾಲು. "ನಾನು ಅರ್ಧ ಗಂಟೆ ಮುಂಚೆ ಬಂದಿದ್ರೆ."

ನಿನ್ನ ತಮ್ಮ ಮರಿ ಹೋದಂದಿನಿಂದ ಅವನ ಕೋಣೆಯನ್ನು ನಾನು ಗುಡಿಸುತ್ತೇನೆ, ಕಿಟಕಿ ತೆರೆಯುತ್ತೇನೆ, ಆ ಕಂಪ್ಯೂಟರನ್ನು ಮಾತ್ರ ಮುಟ್ಟಿರಲಿಲ್ಲ. ಮೊನ್ನೆ ಮೆಟ್ಟಿಲ ಕೆಳಗಿನ ರಿಪೇರಿ ಅಂಗಡಿಯವರನ್ನು ಕರೆಸಿದೆ. ನಿನಗೆ ಗೊತ್ತಿರುವವರೇ, ಮಾತು ಕಡಿಮೆ, ಟೀ ಜಾಸ್ತಿ. ಪೆಟ್ಟಿಗೆ ಬಿಚ್ಚಿ ಒಳಗಿನ ಧೂಳು ಊದಿ, ಕಿವಿಯಿಟ್ಟು ಕೇಳಿದರು.

"ಡಿಸ್ಕು ಟಕ್ ಟಕ್ ಅಂತಿದೆ ಮೇಡಂ. ಇನ್ನು ಹೆಚ್ಚೆಂದ್ರೆ ಹತ್ತು ಸಲ ಆನ್ ಆಗ್ಬಹುದು. ಈಗ್ಲೇ ಕಾಪಿ ಮಾಡ್ಕೊಟ್ಬಿಡ್ಲಾ?"

"ಒಂದು ವಾರ ಇರಿ" ಎಂದೆ. "ಮೊದಲು ನಾನೊಂದ್ಸಲ ನೋಡ್ತೀನಿ."

"ನೀವು ಆಡ್ತೀರಾ?"

"ಯಾಕೆ, ನನಗೆ ಕೈ ಇಲ್ವಾ?"

ಅವರು ಟೀ ಕುಡಿದು ಮುಗಿಸಿದರು. ಹೋಗುವಾಗ, ಆನ್ ಮಾಡಿದಾಗೆಲ್ಲ ಟೇಬಲ್ ಫ್ಯಾನನ್ನು ಅದರ ಮುಖಕ್ಕೇ ಇಡಬೇಕು, ಇಲ್ಲದಿದ್ದರೆ ಒಳಗೆಲ್ಲ ಸುಟ್ಟುಹೋಗುತ್ತದೆ ಎಂದು ಎರಡೆರಡು ಸಲ ಹೇಳಿದರು. ನಾಳೆ ಬೆಳಿಗ್ಗೆ ಅಪ್ಪ ಹೋದ ಮೇಲೆ, ಅಂಗಡಿಗೆ ಹೊರಡುವ ಮುಂಚೆ, ಕೂರುತ್ತೇನೆ. ನನಗೆ ಭಯವಾಗುತ್ತಿದೆ ಅಂದರೆ ನಗಬೇಡ.

ಬುಧವಾರ

ಮೂರು ದಿನವಾಯಿತು, ಮೂರು ಬೆಳಿಗ್ಗೆಯೂ ಕೂತಿದ್ದೇನೆ. ಮರಿಯ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಯಾವ ಕೀ ಒತ್ತಿದರೆ ಏನು ಎಂದು ಅವನ ಕೋಳಿಕಾಲಿನ ಅಕ್ಷರದಲ್ಲಿ ಬರೆದದ್ದು ಸಿಕ್ಕಿತು. ಅದನ್ನು ನೋಡಿಕೊಂಡು ನಡೆಯುವುದು, ತಿರುಗುವುದು, ಬಾಗಿಲು ತೆರೆಯುವುದು ಕಲಿತಿದ್ದೇನೆ. ಕತ್ತಿ ಬೀಸಲು ಹೋಗಿ ಒಂದು ಕುರಿಯನ್ನು ಕೊಂದೆ, ಊರಿನವರೆಲ್ಲ ಅಟ್ಟಿಸಿಕೊಂಡು ಬಂದರು. ಅದನ್ನು ಅಪ್ಪನಿಗೆ ಹೇಳಿಲ್ಲ.

ಅದೆಷ್ಟು ದೊಡ್ಡ ಲೋಕವೇ ಅದು. ಬೆಟ್ಟದಾಚೆ ಬೆಟ್ಟ, ಅದರಾಚೆ ಹಿಮ, ಕೋಟೆ, ಮುರಿದ ಸೇತುವೆ. ನೀವಿಬ್ಬರೂ ಅವನು ಬೆಳಿಗ್ಗೆ, ನೀನು ಸಂಜೆ ಎಂದು ಪಾಳಿ ಹಾಕಿಕೊಂಡು ಎರಡು ವರ್ಷ ನಡೆದರೂ ಅದು ಮುಗಿದಿರಲಿಲ್ಲ ಎಂದರೆ ಈಗ ನಂಬುತ್ತೇನೆ. ಆದರೆ ಆ ಕಂಪ್ಯೂಟರಿಗೆ ವಯಸ್ಸಾಗಿದೆ ಅಕ್ಕಮ್ಮ, ಆ ಲೋಕವನ್ನು ಅದು ಒಮ್ಮೆಗೇ ಎತ್ತಿಕೊಡಲಾರದು. ಆಟ ತೆರೆಯುವುದಕ್ಕೇ ಒಂಬತ್ತು ನಿಮಿಷ. ಮೊದಲು ಬರೀ ಆಕಾಶ ಬರುತ್ತದೆ. ಆಮೇಲೆ ಜನ ಬರುತ್ತಾರೆ, ಕಾಲ ಕೆಳಗೆ ನೆಲವಿಲ್ಲದೆ ನಿಂತಿರುತ್ತಾರೆ. ಆಮೇಲೆ ನೆಲ. ಮುಖಗಳು ಎಲ್ಲಕ್ಕಿಂತ ಕೊನೆಗೆ. ಅಲ್ಲಿಯತನಕ ಕಣ್ಣು ಮೂಗು ಏನೂ ಇಲ್ಲದ ನುಣ್ಣನೆಯ ತಲೆಗಳು ನನ್ನ ಕಡೆ ತಿರುಗಿ ಮಾತಾಡುತ್ತಿರುತ್ತವೆ. ಸೋಮವಾರ ಕುರ್ಚಿ ಹಿಂದೆ ತಳ್ಳಿ ಎದ್ದೆ. ಅಡುಗೆಮನೆಗೆ ಹೋಗಿ ನೀರು ಕುಡಿಯುವಾಗ ಹೊಳೆಯಿತು, ಕನ್ನಡಕ ತೆಗೆದರೆ ನಮ್ಮ ಮರಿಗೆ ನಾವೆಲ್ಲ ಹೀಗೇ ಕಾಣುತ್ತಿದ್ದೆವು. ಅವನ ಪವರ್ ಎಷ್ಟೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅತ್ತುಕೊಂಡೆ. ವಾಪಸ್ ಬಂದಾಗ ಮುಖಗಳು ಬಂದಿದ್ದವು.

ಸದ್ದಿನದು ಇನ್ನೊಂದು ಬಗೆ. ಆಟದಲ್ಲಿನ ಅವನ ವೀರ, ಆ ಬೂದು ಅಂಗಿಯವನು, ನಡೆಯುವಾಗ ಹೆಜ್ಜೆ ಸದ್ದು ಒಂದಿಷ್ಟು ತಡವಾಗಿ ಬರುತ್ತದೆ. ನಾನು ನಿಲ್ಲಿಸಿದ ಮೇಲೂ ಹಿಂದೆ ಎರಡು ಹೆಜ್ಜೆ ಕೇಳುತ್ತವೆ. ಎಣಿಸಿದ್ದೇನೆ, ಯಾವಾಗಲೂ ಎರಡು. ಗೊತ್ತಿದ್ದೂ ಪ್ರತಿ ಸಲ ತಿರುಗಿ ನೋಡುತ್ತೇನೆ, ಪರದೆಯಲ್ಲಲ್ಲ, ಕೋಣೆಯಲ್ಲಿ. ಮತ್ತೆ ಏನೂ ಒತ್ತದೆ ಸುಮ್ಮನೆ ಬಿಟ್ಟರೆ ಅವನು ಬಲಗೈ ಎತ್ತಿ ಮೂಗಿನ ಮೇಲೆ ಏನನ್ನೋ ಮೇಲಕ್ಕೆ ತಳ್ಳುತ್ತಾನೆ. ಅವನ ಮೂಗಿನ ಮೇಲೆ ಏನೂ ಇಲ್ಲ. ರಿಪೇರಿಯವರನ್ನು ಕೇಳಿದೆ. "ಎಲ್ಲಾ ಆಟದಲ್ಲೂ ಹಾಗೇ ಮಾಡ್ತಾರೆ ಮೇಡಂ, ಬೆವರು ಒರೆಸ್ಕೊಳ್ಳೋದು" ಎಂದರು. ಇರಬಹುದು.

ಮರಿ ಕೊನೆಗೆ ಎಲ್ಲಿ ನಿಲ್ಲಿಸಿದ್ದ ಎಂದು ಕೇಳಿದ್ದೆಯಲ್ಲ. ಒಂದು ಅಗಲವಾದ ನದಿ, ಕಲ್ಲಿನ ದೋಣಿಕಟ್ಟೆ, ಖಾಲಿ ದೋಣಿ. ಆಚೆ ದಡ ಮಂಜಿನಲ್ಲಿ ಕಾಣುವುದಿಲ್ಲ. ಕಟ್ಟೆಯ ತುದಿಯಲ್ಲಿ ನೀನಿದ್ದೀಯ. ನಿನ್ನ ಹಾಗೇ ಜಡೆ, ಬೆನ್ನಿಗೆ ಬಿಲ್ಲು, ತಲೆಯ ಮೇಲೆ ಹೆಸರು: ಅಕ್ಕ. ಹತ್ತಿರ ಹೋದರೆ ಒಂದೇ ಮಾತು ಹೇಳುತ್ತಾಳೆ. "ಕಾಯಲು ನೀನು ಹೇಳಿದೆ. ಕಾಯುತ್ತಿದ್ದೇನೆ." ದಿನವೂ ಅಲ್ಲಿಂದಲೇ ಶುರು, ಏಕೆಂದರೆ ನಾನು ಒಮ್ಮೆಯೂ ಸೇವ್ ಮಾಡಿಲ್ಲ. ಮರಿ ಉಳಿಸಿಟ್ಟ ಜಾಗದ ಮೇಲೆ ನನ್ನದು ಬೀಳುವುದು ಬೇಡ. ಮೊದಮೊದಲು ಅವಳಿಗೂ ಮುಖ ಇರುವುದಿಲ್ಲ. ಆದರೂ ನಾನು ಯಾವ ಕಡೆ ಹೋದರೆ ಆ ಕಡೆಗೆ ತಲೆ ತಿರುಗಿಸುತ್ತಾಳೆ.

ಅವಳ ಪಕ್ಕದಲ್ಲಿ ಒಂದು ಮರದ ಹಲಗೆ ನೆಟ್ಟಿದೆ. ಆ ಲೋಕದಲ್ಲಿ ಎಲ್ಲಿ ಬೇಕಾದರೂ ಹಲಗೆ ನೆಟ್ಟು ಏನಾದರೂ ಬರೆಯಬಹುದು ಎಂದು ನೀವು ನನಗೆ ತೋರಿಸಿದ್ದು ನೆನಪಿದೆ. ನಮ್ಮ ಮನೆಬಾಗಿಲಲ್ಲಿ ಸೀಮೆಸುಣ್ಣದಿಂದ ಬರೆದಿಡುವ ಹಲಗೆಯ ನಿಯಮವನ್ನೇ ಅಲ್ಲಿಗೂ ಒಯ್ದಿದ್ದಿರಿ. ಬರೆದವರು ಒರೆಸಬಾರದು, ಓದಿದವರು ಒರೆಸಬೇಕು, ಖಾಲಿ ಇದ್ದರೆ ಓದಿಯಾಗಿದೆ ಎಂದರ್ಥ. ದಾರಿಯುದ್ದಕ್ಕೂ ನೀನು ಓದದೆ ಉಳಿದ ಹಲಗೆಗಳು ಇನ್ನೂ ಇವೆ. ಸೇತುವೆಯ ಹತ್ತಿರ, "ಅಕ್ಕಾ, ಕೆಳಗೊಂದು ಭೂತ ಇದೆ, ಥೇಟ್ ನಿನ್ನ ಥರಾನೇ ಬೈಯುತ್ತೆ." ಸಂತೆಯ ಹತ್ತಿರ, "ನಿನ್ನ ಬೂಟು ನಾನು ಮಾರಿಲ್ಲ, ಕಳೆದುಹೋಗಿದೆ, ಅಮ್ಮನಾಣೆ." ನನ್ನ ಮೇಲೆ ಆಣೆ ಇಡುವುದಕ್ಕೆ ಅವನಿಗೆ ನಾಚಿಕೆಯೇ ಇರಲಿಲ್ಲ. ಬಿದ್ದು ಬಿದ್ದು ನಕ್ಕೆ.

ಆದರೆ ದೋಣಿಕಟ್ಟೆಯ ಹಲಗೆ ಖಾಲಿ. ಅವನು ಹೋದ ಮೇಲೆ ನೀನು ಆ ಕಂಪ್ಯೂಟರ್ ಮುಟ್ಟಿಲ್ಲ, ಅಪ್ಪ ಆ ಕೋಣೆಗೇ ಹೋಗುವುದಿಲ್ಲ. ಹಾಗಾದರೆ ಅದನ್ನು ಓದಿ ಒರೆಸಿದವರು ಯಾರು? ಈ ಯೋಚನೆ ಬಂದಾಗ ಬೆಳಗಿನ ಏಳು ಗಂಟೆ, ಕಿಟಕಿಯಲ್ಲಿ ಬಿಸಿಲು ತುಂಬಿತ್ತು, ಕೆಳಗೆ ಹಾಲಿನ ಗಾಡಿ ಹೋಗುತ್ತಿತ್ತು. ಆದರೂ ಎದ್ದು ಕೋಣೆಯ ದೀಪ ಹಾಕಿದೆ. ಮೂರು ದಿನದಿಂದ ಆಟ ತೆರೆದ ತಕ್ಷಣ ಆ ಕಟ್ಟೆಗೆ ಬೆನ್ನು ಹಾಕಿ ಬೆಟ್ಟದ ದಾರಿ ಹಿಡಿಯುತ್ತಿದ್ದೇನೆ.

ಬೆನ್ನು ಹಾಕುವುದು ನನಗೆ ಅಭ್ಯಾಸವಾಗಿದೆ. ಆ ದಿನದ ಮಾತನ್ನು ನಾವು ಎಂದೂ ಪೂರ್ತಿ ಆಡಿಲ್ಲ, ನೀನು ಹೇಳಿದ್ದನ್ನಷ್ಟೇ ಇಲ್ಲಿ ಬರೆಯುತ್ತೇನೆ. ಅವನು ಹಿಂದಿನ ದಿನ ಸೈಕಲ್ಲಿಂದ ಬಿದ್ದು ಕನ್ನಡಕ, ಫೋನು ಎರಡನ್ನೂ ಮುರಿದುಕೊಂಡು ಬಂದಿದ್ದ. ಹೊಸ ಲೆನ್ಸ್ ನಾನು ಅರೆಯುತ್ತಿದ್ದೆ. ನೀನು ಬೆಳಿಗ್ಗೆ ಹೊರಡುವಾಗ ಬಾಗಿಲ ಹಲಗೆಯ ಮೇಲೆ, "ಕನ್ನಡಕ ಇಲ್ದೆ ಒಬ್ನೇ ಎಲ್ಲೂ ಹೋಗ್ಬೇಡ, ಮೂರಕ್ಕೆ ಬಂದು ಸ್ಕೂಟರಲ್ಲಿ ಅಮ್ಮನ ಅಂಗಡಿಗೆ ಕರ್ಕೊಂಡು ಹೋಗ್ತೀನಿ" ಎಂದು ಬರೆದೆ. ಬಂದದ್ದು ಮೂರೂವರೆಗೆ. ಹಲಗೆ ಖಾಲಿ ಇತ್ತು. ಓದಿದ್ದಾನೆ, ನನಗಾಗಿ ಕಾದಿದ್ದಾನೆ, ನಾನು ಬರಲಿಲ್ಲವೆಂದು ಸಿಟ್ಟು ಮಾಡಿಕೊಂಡು ಒಬ್ಬನೇ ಹೊರಟಿದ್ದಾನೆ ಎಂದು ನೀನು ಅಂದುಕೊಂಡೆ. ಅಷ್ಟರಲ್ಲಿ ಅಂಗಡಿಯ ದಾರಿಯ ರೈಲು ಹಳಿಯ ಹತ್ತಿರ ಜನ ಸೇರಿದ್ದರು. ಆರು ವರ್ಷವೂ ನೀನು ಅದನ್ನೇ ಅಂದುಕೊಂಡಿದ್ದೀಯ.

ಶನಿವಾರ

ನಿನ್ನೆ ಒಂದು ಸಂಗತಿ ನಡೆಯಿತು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಅಮ್ಮನಿಗೆ ತಲೆ ಕೆಟ್ಟಿದೆ ಅನ್ನಿಸಿದರೆ ಅನ್ನಿಸಲಿ.

ನಿನ್ನೆ ಬೆಳಿಗ್ಗೆ ಅವನನ್ನು ತುಂಬಾ ದೂರ ನಡೆಸಿದೆ. ಕಾಡು ದಾಟಿ, ಬೆಟ್ಟ ಹತ್ತಿ, ಹಿಮದ ಅಂಚಿನಲ್ಲಿ ಒಂದು ಪಾಳು ಗೋಪುರದ ಮುಂದೆ ನಿಲ್ಲಿಸಿದೆ. ಕಟ್ಟೆಯಿಂದ ಅಲ್ಲಿಗೆ ಒಂದು ಗಂಟೆಯ ಮೇಲಿನ ನಡಿಗೆ. ಅಂಗಡಿಗೆ ಹೊತ್ತಾಯಿತು. ಆರಿಸಲಿಲ್ಲ, ಫ್ಯಾನ್ ಹಾಕಲೂ ಮರೆತೆ, ಹಾಗೇ ಬಾಗಿಲೆಳೆದುಕೊಂಡು ಹೋಗಿಬಿಟ್ಟೆ.

ಮಧ್ಯಾಹ್ನ ಊಟಕ್ಕೆ ಬಂದಾಗ ಮೆಟ್ಟಿಲವರೆಗೂ ಸುಟ್ಟ ವಾಸನೆ. ಅಪ್ಪ ಬಾಗಿಲ ಹೊರಗೆ ನಿಂತಿದ್ದರು, ಒಳಗೆ ಕಾಲಿಟ್ಟಿರಲಿಲ್ಲ.

"ಕೋಣೇಲಿ ಯಾರೋ ಓಡಾಡ್ತಿದ್ರು ಕಣೆ" ಎಂದರು. "ಹನ್ನೊಂದರಿಂದ ಕೇಳಿಸ್ಕೊಳ್ತಾ ಇದೀನಿ. ಈಗಷ್ಟೇ ನಿಂತೋಯ್ತು."

"ಕಿವೀಲಿ ಮೈದಾ ಇರುತ್ತೆ ನಿಮಗೆ" ಎಂದೆ. ಅವರು ನಗಲಿಲ್ಲ.

ನಾನೇ ಹೋದೆ. ಪೆಟ್ಟಿಗೆ ಮುಟ್ಟಲಾರದಷ್ಟು ಬಿಸಿ, ಆದರೆ ಪರದೆ ಉರಿಯುತ್ತಿತ್ತು. ಬೂದು ಅಂಗಿಯವನು ಗೋಪುರದ ಮುಂದೆ ಇರಲಿಲ್ಲ. ದೋಣಿಕಟ್ಟೆಯಲ್ಲಿ, ಹಲಗೆಯ ಎದುರು, ಮುಖ ಅದಕ್ಕೆ ತಾಗುವಷ್ಟು ಹತ್ತಿರ ನಿಂತಿದ್ದ. ಮರಿ ಕನ್ನಡಕವಿಲ್ಲದಾಗ ಬಾಗಿಲ ಹಲಗೆಯನ್ನು ಓದುತ್ತಿದ್ದನಲ್ಲ, ಮೂಗಿನ ತುದಿಗೆ ಸೀಮೆಸುಣ್ಣ ಮೆತ್ತಿಕೊಂಡು, ಥೇಟ್ ಹಾಗೆ. ಅವನ ಹಿಂದೆ ಕೆಸರಿನಲ್ಲಿ ಹೆಜ್ಜೆ ಗುರುತು, ಬೆಟ್ಟದ ದಾರಿಯಿಂದ ಕಟ್ಟೆಯವರೆಗೆ ಒಂದೇ ಸಾಲು.

ರಿಪೇರಿಯವರನ್ನು ಓಡಿಹೋಗಿ ಕರೆತಂದೆ. ಕೀಬೋರ್ಡು ತಿರುಗಿಸಿ ತಟ್ಟಿದರು, ಒಂದು ಬಿಸ್ಕತ್ತಿನ ಚೂರು ಬಿತ್ತು. "ಮುಂದಕ್ಕೆ ಹೋಗೋ ಕೀ ಸಿಕ್ಕಿಕೊಂಡಿದೆ ಮೇಡಂ."

"ಸಿಕ್ಕಿಕೊಂಡಿದ್ರೆ ಮುಂದಕ್ಕೆ ಹೋಗ್ಬೇಕಲ್ಲ. ಇವನು ತಿರುಗಿ ವಾಪಸ್ ಬಂದಿದ್ದಾನೆ."

ಪರದೆಯನ್ನು ನೋಡುತ್ತ ನಿಂತರು. "ಹಳೇ ಮೆಷಿನ್ನು, ಏನೇನೋ ಮಾಡುತ್ತೆ" ಎಂದರು. ಅವರು ಟೀ ಬೇಡ ಎಂದದ್ದು ಇದೇ ಮೊದಲು.

ಅವರು ವೈರು ತರಲು ಕೆಳಗೆ ಹೋದಾಗ ಹಲಗೆಯತ್ತ ನೋಡಿದೆ. ಅದು ಖಾಲಿ ಇರಲಿಲ್ಲ. ಮುಖಗಳು ಬರುವ ಹಾಗೆ ಅಕ್ಷರಗಳೂ ತಡವಾಗಿ ಬರುತ್ತವಂತೆ, ಬೇರೆ ಹಲಗೆಗಳಿಗೆ ಒಂದೆರಡು ನಿಮಿಷ ಸಾಕು, ಇದರಲ್ಲಿ ಜಾಸ್ತಿ ಬರೆದಿದ್ದರಿಂದ ಗಂಟೆಗಟ್ಟಲೆ ಬೇಕಾಯಿತೇನೋ ಎಂದು ಆಮೇಲೆ ಅವರು ಹೇಳಿದರು. ನಾನು ಒಂದು ದಿನವೂ ಅಷ್ಟು ಹೊತ್ತು ಅದರ ಮುಂದೆ ನಿಂತಿರಲಿಲ್ಲ. ಬೂದು ಅಂಗಿಯವನು ನಿಂತಿದ್ದ. ನಾನು ಅವನ ಹೆಗಲ ಮೇಲಿಂದ ಬಗ್ಗಿ ಓದಿದೆ. ಅದರಲ್ಲಿ ಏನಿತ್ತೆಂದು ಕಾಗದದ ಕೊನೆಯಲ್ಲಿ ಬರೆಯುತ್ತೇನೆ.

ಕಾಪಿ ಮುಗಿಯುವುದಕ್ಕೆ ಎರಡು ಗಂಟೆ ಹಿಡಿಯಿತು. ಮುಗಿದ ಮೇಲೆ ಅವರೇ ಆರಿಸಿದರು. ಇವತ್ತು ಬೆಳಿಗ್ಗೆ ಗುಂಡಿ ಒತ್ತಿದೆ, ಏನೂ ಬರಲಿಲ್ಲ. ಟಕ್ ಟಕ್ ಸದ್ದೂ ಇಲ್ಲ. ಈ ಲಕೋಟೆಯಲ್ಲಿ ಬೆರಳುದ್ದದ ಪೆನ್‌ಡ್ರೈವ್ ಇದೆ, ಆ ಬೆಟ್ಟ, ಕೋಟೆ, ಹಿಮ ಎಲ್ಲ ಅದರೊಳಗೇ ಇವೆಯಂತೆ. ಅದನ್ನು ನನ್ನ ಲೆನ್ಸ್ ಒರೆಸುವ ಬಟ್ಟೆಯಲ್ಲಿ ಸುತ್ತಿದ್ದೇನೆ, ಹೊಸ ಬಟ್ಟೆ. ನಿನ್ನ ಹೊಸ ಕಂಪ್ಯೂಟರಿನಲ್ಲಿ ಎಲ್ಲ ಬೇಗ ಬರುತ್ತದೆ, ಮುಖಗಳೂ, ಹಲಗೆಯೂ. ಅದನ್ನು ತೆರೆಯುವ ಮುಂಚೆ ಈ ಕಾಗದವನ್ನು ಕೊನೆಯವರೆಗೆ ಓದು. ಅಷ್ಟು ಮಾತ್ರ ಅಮ್ಮನಿಗೋಸ್ಕರ ಮಾಡು.

ಚೆನ್ನಾಗಿರು ತಾಯಿ. ಹೊತ್ತಿಗೆ ಸರಿಯಾಗಿ ತಿನ್ನು, ನಿದ್ದೆಗೆಡಬೇಡ. ನಿನ್ನ ಕೈ ಮುಟ್ಟಿದ ಮಕ್ಕಳೆಲ್ಲ ಎದ್ದು ಓಡಾಡಲಿ. ಅಪ್ಪ ನಿನಗೆಂದು ರಸ್ಕು ಕಟ್ಟಿಟ್ಟಿದ್ದಾರೆ, ಪೋಸ್ಟಿನಲ್ಲಿ ಪುಡಿಯಾಗುತ್ತದೆ, ಬಂದೇ ತಿನ್ನಬೇಕಂತೆ.

ನಿನ್ನ ಅಮ್ಮ

ತಾ.ಕ.: ಹಲಗೆಯ ಮೇಲಿದ್ದದ್ದು ಇಷ್ಟು. ಒಂದು ಅಕ್ಷರವನ್ನೂ ಬದಲಿಸಿಲ್ಲ.

"ಅಕ್ಕಾ, ಬಾಗಿಲ ಹಲಗೇಲಿ ಅಮ್ಮ ಬರ್ದಿದ್ದಾಳೆ, ಕನ್ನಡಕ ರೆಡಿ, ಮೂರಕ್ಕೆ ಅಂಗಡಿಗೆ ಬಾ ಅಂತ. ಓದಿ ಒರೆಸಿದೀನಿ. ಹೋಗಿ ಹಾಕ್ಕೊಂಡು ಬರ್ತೀನಿ. ನಂಗೆ ಆ ಕಡೆ ದಡ ಕಾಣ್ತಿಲ್ಲ, ಬಂದ್ಮೇಲೆ ಇಬ್ರೂ ಒಟ್ಟಿಗೆ ನದಿ ದಾಟೋಣ. ಸಂಜೆ ನೀನು ಒಬ್ಳೇ ದಾಟ್ಬಿಡ್ಬೇಡ, ಇಲ್ಲೇ ಕಾಯ್ತಿರು."

ನೀನು ಬರೆದದ್ದನ್ನು ಅವನು ಓದಲೇ ಇಲ್ಲ ಅಕ್ಕಮ್ಮ. ಆ ಮಧ್ಯಾಹ್ನ ನಾನು ಊಟಕ್ಕೆ ಮನೆಗೆ ಬಂದಿದ್ದೆ. ಅವನು ಇನ್ನೂ ಮಲಗಿದ್ದ. ಲೆನ್ಸ್ ಚೆನ್ನಾಗಿ ಬಂದಿದೆ, ಮೂರರೊಳಗೆ ಫ್ರೇಮಿಗೆ ಕೂಡಿಸಿಬಿಡಬಹುದು ಎಂಬ ಖುಷಿಯಲ್ಲಿದ್ದೆ. ಹಲಗೆಯ ಮೇಲೆ ಸೀಮೆಸುಣ್ಣದ ಗುರುತು ಕಂಡಿತು, ಕೈ ತಾನಾಗಿ ಹೋಗಿ ಒರೆಸಿತು, ಏನಿದೆ ಎಂದು ಓದಲಿಲ್ಲ. ಅದರ ಮೇಲೆ ನನ್ನದು ಬರೆದೆ. ಅವನು ಯಾರಿಗೂ ಕಾಯಲಿಲ್ಲ, ಯಾರ ಮೇಲೂ ಸಿಟ್ಟು ಮಾಡಿಕೊಳ್ಳಲಿಲ್ಲ. ಅಮ್ಮ ಕರೆದಳೆಂದು ಬಂದ. ನೀನು ಮೂರಕ್ಕೇ ಬಂದಿದ್ದರೂ ಅವನು ಅಷ್ಟರಲ್ಲಿ ಹೊರಟಾಗಿತ್ತು.

ಅಂದು ಸಂಜೆ ನೀನು "ನಾನು ಬರ್ದಿದ್ದನ್ನ ಓದಿ ಒರ್ಸಿದ್ದ ಅಮ್ಮ, ಕಾದಿದ್ದ" ಎಂದು ನನ್ನ ಮಡಿಲಲ್ಲಿ ಅತ್ತಾಗಲೇ ನಾನು ಒರೆಸಿದ್ದು ಏನೆಂದು ನನಗೆ ಗೊತ್ತಾಯಿತು. ನಿನ್ನ ತಲೆ ಸವರುತ್ತ ಸುಮ್ಮನಿದ್ದೆ. ಆಮೇಲೂ ಸುಮ್ಮನಿದ್ದೆ. ನೀನು ಮನೆ ಬಿಟ್ಟು ಅಷ್ಟು ದೂರ ಹೋಗುವಾಗಲೂ ಸುಮ್ಮನಿದ್ದೆ. ನೀವಿಬ್ಬರೂ ಅಲ್ಲಿ ಬರೆದುಕೊಳ್ಳುತ್ತಿದ್ದಿರೆಂದು ಗೊತ್ತಿತ್ತು, ಅದಕ್ಕೇ ಆ ಹಲಗೆಯ ಭಯ. ಶುಕ್ರವಾರ ಫ್ಯಾನ್ ಹಾಕಲು ಮರೆತೆ ಎಂದು ಬರೆದೆನಲ್ಲ, ಮರೆತಿರಲಿಲ್ಲ. ಎಲ್ಲ ಸುಟ್ಟುಹೋಗಲಿ ಎಂದೇ ಬಿಟ್ಟು ಹೋಗಿದ್ದೆ.

ಅವನ ಕನ್ನಡಕ ಇನ್ನೂ ಅಂಗಡಿಯ ನನ್ನ ಡ್ರಾಯರಿನಲ್ಲಿದೆ. ಲೆನ್ಸಿನ ಮೇಲಿನ ಚುಕ್ಕೆ ಅದೊಂದರಲ್ಲಿ ಮಾತ್ರ ನಾನು ಒರೆಸಿಲ್ಲ.

ನಮ್ಮ ಮನೆಯ ನಿಯಮ ನಿನಗೆ ಗೊತ್ತು. ಈ ಸಲ ಓದಿದ ಮೇಲೆ ಒರೆಸಬೇಡ. ಬಂದು ಈ ಕಾಗದವನ್ನು ನನ್ನ ಮುಂದೆ ಇಟ್ಟು, ಇದು ನೀನು ಬರೆದದ್ದಾ ಎಂದು ಕೇಳು.